ಮಲಗಿಸಿಟ್ಟ ಚಾಕುಗಳು

ಗಾಜಿನ ತೊಟ್ಟಿಯಲ್ಲಿ ಮೀನು ಬಾಯಿ ತೆರೆಯುತ್ತದೆ, ಮುಚ್ಚುತ್ತದೆ, ಏನೋ ಹೇಳಲು ಹೊರಟು ಹಾಳಾಗಲಿ ಬಿಡು ಅಂದುಕೊಂಡ ಹಾಗೆ, ಅದರ ಹಿಂದಿನ ಗೋಡೆಯಲ್ಲಿ ಆಳೆತ್ತರದ ಹಲ್ಲಿನ ಚಿತ್ರ, ಬೇರು ಸಮೇತ, ಒಳಕೋಣೆಯಲ್ಲಿ ಕೊರೆಯುವ ಮಿಷನ್ನು ಝೀ ಅನ್ನುತ್ತಿದೆ—ನಿಂತಿತು—ಮತ್ತೆ ಝೀ—ಯಾರದೋ ಬಾಯಿ, ಇವನದಲ್ಲ, ಇವನು ಹಲ್ಲುನೋವಿಗೆ ಬಂದವನೇ ಅಲ್ಲ, ಆದರೂ ನಾಲಿಗೆ ಯಾರ ಅಪ್ಪಣೆಯೂ ಇಲ್ಲದೆ ಹಿಂದಿನ ದವಡೆಗೆ ಹೋಗಿ ಅಲ್ಲೊಂದು ತೂತಿದೆಯಾ ಅಂತ ತಡಕಾಡುತ್ತಿದೆ, ಥೂ, ಸುಮ್ಮನಿರು, ತೊಡೆಯ ಮೇಲೆ ಬಿಸ್ಕತ್ತಿನ ಡಬ್ಬಿ, ಮುಚ್ಚಳದ ಸುತ್ತ ಕರೆಂಟಿನವರ ಕಪ್ಪು ಟೇಪು, ಅದನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದಾನೆ, ಕೂಸನ್ನು ಸೂಜಿಮದ್ದಿಗೆ ತಂದವನ ಹಾಗೆ. ಪಕ್ಕದಲ್ಲಿ ಕೆನ್ನೆ ಊದಿಸಿಕೊಂಡ ಹೆಂಗಸು, ಕೆನ್ನೆಗೆ ಕೈ ಒತ್ತಿಕೊಂಡೇ, ಡಾಕ್ಟರಿಗೆ ಬಿಸ್ಕತ್ತು ತಂದಿದೀಯೇನಪ್ಪಾ ಅಂತ ಕೇಳಿದಳು, ತಿನ್ಲಿ ಬಿಡು, ಅವ್ರ ಹಲ್ಲಿಗೂ ಹುಳ ಹಿಡೀಲಿ, ನಮ್ಮ ಸಂಕಟ ಏನು ಅಂತ ಗೊತ್ತಾಗ್ಲಿ. ಇವನು ನಗಲಿಲ್ಲ. ಬಿಸ್ಕತ್ತಲ್ಲಕ್ಕಾ, ಚಾಕು, ಅಂದುಬಿಟ್ಟರೆ ಈ ಬೆಂಚು ಅರ್ಧ ಖಾಲಿಯಾಗುತ್ತದೆ, ಮಡಚುವ ಚಾಕು, ಒಬ್ಬನೇ ಒಬ್ಬ ಕಮ್ಮಾರ ಕೈಯಾರೆ ಬಡಿದು ಮಾಡಿದ್ದು, ವರ್ಷಕ್ಕೊಂದು ಬಗೆ, ಒಂದೊಂದಕ್ಕೂ ಬೇರೆ ಬೇರೆ ಮರದ ಹಿಡಿ, ಬೀಟೆ, ಅಕ್ರೋಟು, ಆಲಿವ್, ಕರಿಮರ, ಕೊನೆಯದಕ್ಕೆ ಯಾವುದೋ ಹಣ್ಣಿನ ಮರ, ಕೆಂಪಗೆ, ಮೈ ಬೆಚ್ಚಗಿರುವ ಹಾಗೆ ಕಾಣುವಂಥದ್ದು, ಐದಾದ ಮೇಲೆ ಕಮ್ಮಾರ ಸಾಕು ಅಂದ, ಇನ್ನು ಆ ಬಗೆ ಹುಟ್ಟುವುದಿಲ್ಲ. ಅಲಗಿನ ಬುಡದಲ್ಲಿ ಇರುವೆ ಕಾಲಿನಷ್ಟು ಸಣ್ಣಗೆ ನಂಬರು. ಆ ಕಮ್ಮಾರನದೊಂದು ಹಟ—ಮೊದಲ ವರ್ಷ ನಿನಗೆ ಯಾವ ನಂಬರು ಸಿಕ್ಕಿತೋ ಆಮೇಲಿನ ಎಲ್ಲ ವರ್ಷಕ್ಕೂ ಅದೇ ನಂಬರು ನಿನಗೇ, ಆದರೆ ನಡುವೆ ಒಂದನ್ನು ಮಾರಿದೆಯೋ, ಹಕ್ಕು ಹೋಯಿತು, ಮಾರಿದ್ದು ಅವನಿಗೆ ಅದು ಹೇಗೋ ಗೊತ್ತಾಗಿಬಿಡುತ್ತದೆ. ಇವನು ಮಾರಲಿಲ್ಲ. ಹೊಟ್ಟೆ ಕಟ್ಟಿ ಮಾರಲಿಲ್ಲ, ಚಪ್ಪಲಿ ಹರಿದಾಗ ಮಾರಲಿಲ್ಲ, ಐದರ ಮೇಲೂ ಒಂದೇ ನಂಬರು, ಐದು ಜನ ಅಣ್ಣತಮ್ಮಂದಿರ ಹಣೆಯ ಮೇಲೆ ಒಂದೇ ಮಚ್ಚೆ ಇದ್ದ ಹಾಗೆ.

ಮಾರುವುದೇ ಇವನ ಕಸುಬು, ಅದೇ ತಮಾಷೆ, ನಗಬೇಕಾದ್ದು ಇದಕ್ಕೆ, ಪ್ರಿಂಟಿಂಗ್ ಅಂಗಡಿಯ ಮಹಡಿಯ ಮೇಲೆ ಇವನ ಧಣಿ ಗಡ್ಡನ ಕೋಣೆ, ಕಿಟಕಿ ಇಲ್ಲ, ಉದ್ದ ಮೇಜು, ಮೇಜಿನ ತುಂಬ ಫೋನುಗಳು, ವೈರುಗಳು ಹಾವಿನ ಮರಿಗಳ ಹಾಗೆ ಒಂದರ ಮೇಲೊಂದು, ಇಷ್ಟೇ ಅಂತ ಎಣಿಸಿ ಮಾಡಿದ ಲಿಮಿಟೆಡ್ ಚಾಕು ಯಾವ ಆನ್‌ಲೈನ್ ಅಂಗಡಿಯಲ್ಲಿ ಬಿಡುಗಡೆಯಾದರೂ ಆ ಗಳಿಗೆಗೆ ಹುಡುಗರೆಲ್ಲ ಹೆಬ್ಬೆರಳು ಎತ್ತಿಕೊಂಡು ಕೂರಬೇಕು, ಬಂತು ಬಂತು, ಒತ್ರೋ, ಒತ್ತಿ, ಕಣ್ಣು ಮಿಟುಕಿಸುವಷ್ಟರಲ್ಲಿ ಸ್ಟಾಕು ಖಾಲಿ, ಎಲ್ಲೆಲ್ಲೋ ಕೂತು ವರ್ಷಗಟ್ಟಲೆ ಆಸೆಯಿಂದ ಕಾದವರು ಬಾಯಿ ಬಡಿದುಕೊಳ್ಳುವ ಹೊತ್ತಿಗೆ ಗಡ್ಡ ಕುರ್ಚಿ ಹಿಂದಕ್ಕೆ ವಾಲಿಸಿ ಮೈ ಮುರಿಯುತ್ತಾನೆ, ಮರುದಿನ ಅದೇ ಚಾಕು ಮೂರು ಪಟ್ಟಿಗೆ. ಓದಿರೋ ಹುಡುಗ್ರು ಯೋಚನೆ ಮಾಡಿ ಒತ್ತುತಾರೆ, ನೀನು ಒತ್ತಿದ ಮೇಲೆ ಯೋಚನೆ ಮಾಡ್ತೀಯ, ಅದಕ್ಕೇ ಕಣೋ ನಿನ್ನ ಇಟ್ಕೊಂಡಿರೋದು ಅನ್ನುತ್ತಾನೆ, ಹೊಗಳಿದನೋ ಬೈದನೋ ದೇವರೇ ಬಲ್ಲ. ಒಂಬತ್ತನೇ ಕ್ಲಾಸಿಗೆ ಪುಸ್ತಕ ಬಿಸಾಕಿ ಬಂದವನ ಹೆಬ್ಬೆರಳಿಗಾದರೂ ಒಂದು ಬೆಲೆ ಬಂತಲ್ಲ. ಆ ಚಾಕುಗಳು ಪೆಟ್ಟಿಗೆಯಲ್ಲಿ ಬರುತ್ತವೆ, ಪೆಟ್ಟಿಗೆಯಲ್ಲೇ ಹೋಗುತ್ತವೆ, ಯಾರೂ ತೆರೆಯುವುದಿಲ್ಲ, ಕೊಂಡವನೂ ತೆರೆಯುವುದಿಲ್ಲ, ಮುಟ್ಟಿದ ಚಾಕು ಅಂದರೆ ಈ ಲೋಕದಲ್ಲಿ ಸತ್ತ ಚಾಕು, ಒಂದು ನಿಂಬೆಹಣ್ಣು ಕೊಯ್ದರೆ ಅರ್ಧ ಬೆಲೆ ಹೋಯಿತು, ಬೆರಳಿನ ಗುರುತು ಬಿದ್ದರೆ ಕಾಲು. ಮಲಗಿಸಬೇಕು ಕಣೋ, ಗಾಳಿ ಆಡದ ಹಾಗೆ ಮುಚ್ಚಿ ಮಲಗಿಸಿಬಿಡು, ನಿದ್ದೆ ಮಾಡಿದಷ್ಟೂ ಬೆಳೀತಾವೆ. ಗಡ್ಡನ ಮಾತು. ಒಂದು ಕಡೆ ಗಡ್ಡನಂಥವರು, ಇನ್ನೊಂದು ಕಡೆ ಈ ಹಲ್ಲಿನ ಡಾಕ್ಟರಂಥವರು, ಕೊಂಡು ಡ್ರಾಯರಿನಲ್ಲಿ ಹೂಳುವವರು, ಇಬ್ಬರೂ ಸೇರಿ ಚಾಕುವನ್ನು ಚಾಕುವಾಗಿರಲು ಬಿಡುವುದಿಲ್ಲ, ಇಬ್ಬರ ಮೇಲೂ ಇವನಿಗೆ ಉರಿ, ಉರಿದುಕೊಂಡೇ ಇಬ್ಬರ ಬುದ್ಧಿಯನ್ನೂ ಕಲಿತ, ಗಡ್ಡನ ಮೇಜಿನ ಅಂಚಿನಲ್ಲಿ ಕೂತು ತನ್ನ ಸಂಬಳದಲ್ಲಿ ತನಗೊಂದು ಒತ್ತಿಕೊಂಡ, ಐದು ವರ್ಷ. ಅಮ್ಮ ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಿಂದ ಬಂದು, ಸೋಪಿಗೆ ಬಿಳುಚಿದ ಬೆರಳು ಚಾಚಿ, ಏನೋ ಅದು, ಮತ್ತೆ ಚಾಕಾ, ಬೇಳೆ ಡಬ್ಬ ತಳ ಕಾಣ್ತಾ ಇದೆ, ಚಾಕು ಬೇಯಿಸಿ ಹಾಕ್ಲಾ ನಿಂಗೆ, ಹೋಗ್ಲಿ ಈರುಳ್ಳಿನಾದ್ರೂ ಹೆಚ್ಚಕ್ಕೆ ಕೊಡೋ ಅಂದಾಗ ಇವನು ಪೆಟ್ಟಿಗೆಯನ್ನು ಎದೆಗವುಚಿಕೊಂಡು ಹುಚ್ಚನ ಹಾಗೆ ಕಿರುಚಿದ್ದ, ಮುಟ್ಬೇಡ, ಮುಟ್ಬೇಡಮ್ಮಾ ಅದನ್ನ. ಅಮ್ಮ ಕೈ ಹಿಂದಕ್ಕೆ ಎಳೆದುಕೊಂಡ ರೀತಿ. ಅದೊಂದು ಮಾತ್ರ ಆಗಾಗ ಬಂದು ಚುಚ್ಚುತ್ತದೆ.

ಝೀ. ಇವತ್ತು ಮುಗಿಯುತ್ತದೆ. ಡಾಕ್ಟರು ಐದನ್ನೂ ಒಟ್ಟಿಗೆ ಕೊಳ್ಳುತ್ತಾರೆ, ಬಿಡಿಸಿ ಮಾರುವುದಿಲ್ಲ ಅಂತ ಮಾತು ಕೊಟ್ಟಿದ್ದಾರೆ, ಗಡ್ಡನಿಗೆ ಕೊಟ್ಟಿದ್ದರೆ ಹೆಚ್ಚು ಬರುತ್ತಿತ್ತು, ಅವನು ಐದು ದಿಕ್ಕಿಗೆ ಐದನ್ನು ಹಂಚುತ್ತಿದ್ದ, ಬೇಡ, ಕಡಿಮೆಯೇ ಬರಲಿ, ಒಟ್ಟಿಗೆ ಇರಲಿ. ಅಷ್ಟು ಕೈಗೆ ಬಂದರೆ ಬೀಗದ ತಾತನ ಗೂಡಂಗಡಿ ಇವನದು, ಸ್ಟೇಷನ್ನಿನ ಗೋಡೆಗೆ ಒರಗಿದ, ಬೀರುವಿನಷ್ಟೇ ಅಗಲದ ಅಂಗಡಿ, ಕೀಲಿಕೈ ಕತ್ತರಿಸುವ ಮಿಷನ್ನು, ಸಾಣೆಯ ಚಕ್ರ, ಮೊಳೆಗೆ ತೂಗುಹಾಕಿದ ನೂರಾರು ಹಲ್ಲಿಲ್ಲದ ಕೀಲಿಗಳು, ತಾತನ ಕಣ್ಣು ಮಂಜಾಗಿದೆ, ಮಗಳ ಮನೆಗೆ ಹೋಗುತ್ತಾನೆ, ನೀನು ತಗೊಳ್ಳೋ ಮರೀ, ನಿನ್ನ ಕೈ ನಿಂತಲ್ಲಿ ನಿಲ್ಲಲ್ಲ, ಈ ಕೆಲಸಕ್ಕೆ ಅಂಥ ಕೈನೇ ಬೇಕು. ಇನ್ನು ಹೆಬ್ಬೆರಳು ಎತ್ತಿಕೊಂಡು ಕೂರಬೇಕಾಗಿಲ್ಲ. ಯಾರ ಆಸೆಯನ್ನೂ ಕಿತ್ತು ಮಾರಬೇಕಾಗಿಲ್ಲ. ಡಬ್ಬಿ ತೆರೆದ ಕೂಡಲೇ ಮೊದಲು ಅಪ್ಪನ ಹಳದಿ ಚಾಕು ತೆಗೆದು ಜೇಬಿಗೆ ಹಾಕಿಕೊಳ್ಳಬೇಕು, ಅದು ಮಾರಾಟದ್ದಲ್ಲ, ಡಾಕ್ಟರಿಗೆ ಮೊದಲೇ ಹೇಳಿಬಿಡಬೇಕು, ಅದೊಂದು ಗೂಡಂಗಡಿಯಲ್ಲಿ ಜೊತೆಗಿರುತ್ತದೆ, ಅದರಿಂದ ದಾರ ಕತ್ತರಿಸುತ್ತಾನೆ, ಹಣ್ಣು ಕೊಯ್ಯುತ್ತಾನೆ, ಉಗುರು ಕೆರೆಯುತ್ತಾನೆ, ಯಾವನಿಗೆ ಏನು. ಅಪ್ಪ ಮಾರುವವನಾಗಿದ್ದ. ಬಸ್ಸು ನಿಂತಲ್ಲೆಲ್ಲ ಕಿಟಕಿಗೆ ಕೈ ಚಾಚಿ, ಬಾಚಣಿಗೆ, ಪೆನ್ನು, ಸೂಜಿದಾರ, ಟಾರ್ಚು, ಬಾಯಿಗೆ ಬಿಡುವೇ ಇಲ್ಲ, ಮನೆಗೆ ಬಂದದ್ದೆಲ್ಲ ಬಂದ ಬಾಗಿಲಲ್ಲೇ ಹೋಗುತ್ತಿತ್ತು, ರೇಡಿಯೋ ಹೋಯಿತು, ಅಮ್ಮನ ಹೊಲಿಗೆ ಮಿಷನ್ನು ಹೋಯಿತು, ಒಂದು ಸಂಜೆ ಇವನ ಸೈಕಲ್ಲು—ಸೈಕಲ್ಲೆಲ್ಲಪ್ಪಾ ಅಂದರೆ, ಒಳ್ಳೇ ಗಿರಾಕಿ ಬಂದಿದ್ದ ಮಗಾ, ಬಿಡಕ್ಕಾಗುತ್ತಾ. ಒಳಗಿಂದ ಅಮ್ಮ, ನಂಗೊಬ್ಬ ಒಳ್ಳೇ ಗಿರಾಕಿ ಬರ್ಲಿಲ್ಲ ನೋಡು, ಇಲ್ದಿದ್ರೆ ನಾನೂ ಇಷ್ಟೊತ್ತಿಗೆ ಹೋಗಿರ್ತಿದ್ದೆ. ಅಪ್ಪ ನಕ್ಕುಬಿಟ್ಟ, ಅಮ್ಮನೂ ನಕ್ಕಳು, ಇವನೊಬ್ಬ ಗೋಡೆಗೆ ಒದ್ದ. ಆದರೆ ಆ ಹಳದಿ ಚಾಕು—ಜೇನಿನ ಬಣ್ಣದ ಹಿಡಿ, ಬೆಳಕಿಗೆ ಹಿಡಿದರೆ ಒಳಗೆ ಹೊಗೆ ಸುಳಿದ ಹಾಗೆ ಗೆರೆಗಳು, ಹಣ್ಣಿನ ಸಿಪ್ಪೆಯನ್ನು ಒಂದೇ ಎಳೆಯಲ್ಲಿ ಬಿಡಿಸಿ ಇವನ ಕಿವಿಗೆ ತೂಗುಹಾಕುತ್ತಿದ್ದ—ಅದನ್ನು ಕೇಳಿದವರಿಗೆಲ್ಲ ಇಲ್ಲ ಅಂದ. ಯಾಕಪ್ಪಾ ಇದೊಂದು ಮಾರಲ್ಲ? ಎಲ್ಲಾ ಮಾರ್ಬಿಟ್ರೆ ಜೇಬು ಹಗುರಾಗಿ ಗಾಳೀಲಿ ಹಾರ್ಹೋಗ್ತೀನಿ ಕಣೋ.

ಹಾರಿಹೋದ. ಕಳೆದ ವರ್ಷ, ಬೇಸಿಗೆಗೆ ಮುಂಚೆ. ಆಸ್ಪತ್ರೆಯವರು ಒಂದು ಪ್ಲಾಸ್ಟಿಕ್ ಚೀಲದಲ್ಲಿ ಅಂಗಿ, ಬಾಚಣಿಗೆ, ಚಾಕು ಕೊಟ್ಟರು, ಅಪ್ಪ ಕೊನೆಗೆ ಮಲಗಿದ್ದ ಚಾದರ ಅಮ್ಮನ ಕೋಣೆಗೇ ಒಗೆಯಲು ಬಂದಿರಬೇಕು, ಯಾವ್ದು ಅಂತ ಗೊತ್ತಾಗ್ಲಿಲ್ಲ ಕಣೋ, ಎಲ್ಲಾ ಬಿಳಿ, ಅಂದಳು, ಅಷ್ಟೇ ಅಂದಳು, ಮತ್ತೆ ಆ ಮಾತು ಎತ್ತಲಿಲ್ಲ. ಅದೇ ವಾರ ಕಮ್ಮಾರನ ಐದನೇ ಚಾಕು ಬಂತು. ಐದನ್ನೂ ಅವುಗಳ ಪೆಟ್ಟಿಗೆಯಿಂದ ಬೆರಳು ತಾಗದ ಹಾಗೆ ತೆಗೆದು, ತೇವ ಹಿಡಿದೀತು ಅಂತ ಬಟ್ಟೆಯಲ್ಲಿ ಸುತ್ತದೆ, ಗೀಚದ ಹಾಗೆ ಬೆರಳಷ್ಟು ಬೆರಳಷ್ಟು ದೂರ ಇಟ್ಟು, ನಡುವೆ ಅಪ್ಪನದನ್ನು ಇಟ್ಟ. ಬೇರೆ ಕಡೆ ಇಡಬಹುದಿತ್ತು. ಒಂಟಿಯಾಗಿ ಯಾಕೆ, ಜೊತೆಗಿರಲಿ ಅಂತ—ಹೀಗೆ ಯೋಚಿಸಿದ್ದು ಯಾರಿಗಾದರೂ ಹೇಳಿದರೆ ನಗುತ್ತಾರೆ—ಮುಚ್ಚಳ ಒತ್ತಿ, ಟೇಪು ಸುತ್ತಿ, ಇನ್ನೊಂದು ಸುತ್ತು ಸುತ್ತಿ, ಬೀರುವಿನ ಮೇಲೆ, ಬಿಸಿನೀರಿನ ಪೈಪು ಹಾದುಹೋಗುವ ಮೂಲೆಗೆ ತಳ್ಳಿದ, ಅಲ್ಲಿ ಒಣಗಿದ ಗಾಳಿ, ತೇವ ಬರುವುದಿಲ್ಲ, ಮಲಗಲಿ. ಆಮೇಲೆ ಒಂದು ಸಲವೂ ತೆರೆಯಲಿಲ್ಲ. ಎಷ್ಟು ಸಲ ಕುರ್ಚಿ ಹಾಕಿಕೊಂಡು ಹತ್ತಿ, ಕೈಯಿಟ್ಟು, ಇಳಿದಿದ್ದಾನೆ. ಅದೇ ಹೆಮ್ಮೆ ಇವನಿಗೆ, ನೋಡದೆ ಇರುವುದು, ಹಲ್ಲು ಕಚ್ಚಿಕೊಂಡು ನೋಡದೆ ಇರುವುದು ಎಲ್ಲರ ಕೈಲಿ ಆಗುತ್ತದಾ. ಬನ್ನಿ, ಸಾರ್ ಕರೀತಿದಾರೆ. ಬಿಳಿ ಕೋಟಿನ ಹುಡುಗಿ. ಕೆನ್ನೆ ಊದಿದ ಹೆಂಗಸು ಎದ್ದು ನಿಂತು, ಅಯ್ಯೋ ನಾನು ಮೊದ್ಲು ಬಂದಿರೋದು, ಅವ್ನಿಗೆ ನೋವೂ ಇಲ್ಲ ಏನೂ ಇಲ್ಲ ಅನ್ನುತ್ತಿರುವಾಗಲೇ ಇವನು ಒಳಗೆ, ಎರಡು ಬಾಗಿಲು ದಾಟಿ, ಕೊರೆಯುವ ಕುರ್ಚಿ ದಾಟಿ, ಒಳಗಿನ ಒಳಗಿನ ಕೋಣೆ, ಇಲ್ಲಿ ಹಲ್ಲಿನ ವಾಸನೆ ಇಲ್ಲ, ಎಣ್ಣೆಯ ವಾಸನೆ, ಗೋಡೆಯುದ್ದಕ್ಕೂ ತೆಳ್ಳನೆಯ ಡ್ರಾಯರುಗಳು, ಡಾಕ್ಟರು ಒಂದನ್ನು ಎಳೆದರು, ಹಸಿರು ಬಟ್ಟೆಯ ಮೇಲೆ ಸಾಲಾಗಿ ಚಾಕುಗಳು, ಮಡಚಿದವು, ತಣ್ಣಗೆ, ಯಾವತ್ತೂ ಯಾವುದನ್ನೂ ಕೊಯ್ಯದವು, ಶವಾಗಾರದಲ್ಲಿ ಅಪ್ಪನನ್ನು ನೋಡಲು ಹೋದಾಗ ಅಲ್ಲಿನವರು ಎಳೆದದ್ದೂ ಇಂಥದೇ ಡ್ರಾಯರು, ಎಳೆದಾಗ ಸದ್ದೂ ಇಷ್ಟೇ ಇತ್ತು, ಬೇಡ, ಈಗ ಬೇಡ. ನಿಮ್ಮವಕ್ಕೆ ಈ ಜಾಗ ಖಾಲಿ ಇಟ್ಟಿದೀನಿ ನೋಡಿ. ನಿಮ್ಮವಕ್ಕೆ ಅಂದರು. ನೋಡಿ ಅಂದರು. ಇವನನ್ನು ಯಾರೂ ಇಷ್ಟು ಗೌರವದಿಂದ ಕೂರಿಸಿಲ್ಲ, ಶಾಲೆಯಲ್ಲೂ ಇಲ್ಲ, ಠಾಣೆಯಲ್ಲಂತೂ ಇಲ್ಲ. ಸಾರ್, ಅದರಲ್ಲಿ ಒಂದು ಹಳದೀದಿದೆ, ಅದು ಕೊಡೋದಲ್ಲ, ನಮ್ಮಪ್ಪಂದು. ಆಯ್ತು ಆಯ್ತು, ಅದು ನಿಮಗೇ. ಟೇಪು ನಾನೇ ಬಿಚ್ಚಲಾ? ಇಂಥದ್ದನ್ನ ಬಿಚ್ಚೋದೇ ಒಂದು ಸುಖ. ಬಿಚ್ಚಿ ಸಾರ್. ಬಿಳಿ ಗ್ಲೌಸು ಹಾಕಿಕೊಂಡರು, ಟೇಪು ಚರ್ರನೆ ಬಂತು, ಒಂದು ಸುತ್ತು, ಇನ್ನೊಂದು ಸುತ್ತು, ಮುಚ್ಚಳ ಅಂಟಿಕೊಂಡಿತ್ತು, ಹೆಬ್ಬೆರಳಿಂದ ಎತ್ತಿದರು.

ಕರ್ಪೂರ. ಮೊದಲು ಬರೀ ಕರ್ಪೂರ, ಅಮ್ಮನ ಹಳೇ ಪೆಟ್ಟಿಗೆ ತೆರೆದ ಹಾಗೆ, ಅದರ ಹಿಂದೆಯೇ ಹುಳಿ, ಮೂಗಿನೊಳಗೆ ಸೂಜಿ ಆಡಿಸಿದಂಥ ಹುಳಿ, ಡಾಕ್ಟರು ಮುಖ ಪಕ್ಕಕ್ಕೆ ತಿರುಗಿಸಿದರು, ಇವನು ಬಗ್ಗಿ ನೋಡಿದ, ಇದು ಬೇರೆ ಯಾರದೋ ಡಬ್ಬಿ, ಹೌದು, ಅದಲುಬದಲಾಗಿದೆ, ಬೀರುವಿನ ಮೇಲೆ ಇನ್ನೊಂದಿರಬೇಕು—ಐದು ಕಂದು ಹುಳಗಳು, ಮೈ ತುಂಬ ಕೂದಲಿದ್ದ ಹಾಗೆ ತುಕ್ಕು, ಹಿತ್ತಾಳೆಯ ಮೊಳೆಗಳ ಸುತ್ತ ಹಸಿರು ಕಿಲುಬು ನೊರೆಯ ಹಾಗೆ ಉಕ್ಕಿ ಒಣಗಿದೆ, ಕೆಂಪು ಹಣ್ಣಿನ ಮರದ ಹಿಡಿಯ ಮೇಲೆ ಕಪ್ಪು ಕಲೆ ಇಳಿದಿದೆ, ಮತ್ತು ನಡುವೆ ಅಪ್ಪನದು, ಹಿಡಿ ಸೀಳಿ ಸೀಳಿ ಕಲ್ಲುಸಕ್ಕರೆಯ ಹಾಗಾಗಿದೆ, ಸೀಳಿನ ನಡುವೆ ಹನಿ, ಬೆವರುತ್ತಿದೆ ಅದು, ಒಂದು ವರ್ಷದಿಂದ ಆ ಕತ್ತಲೆಯಲ್ಲಿ ಒಂದೇ ಸಮನೆ ಬೆವರುತ್ತಿದೆ. ಅಯ್ಯೋ. ಅಯ್ಯಯ್ಯೋ, ಇದನ್ನ ಇವುಗಳ ಜೊತೆ ಇಟ್ಟಿದ್ದು ಯಾರು? ಡಾಕ್ಟರು ಗ್ಲೌಸಿನ ಬೆರಳಿಂದ ಹಳದಿಯನ್ನು ತೋರಿಸಿದರು. ಇದು ಹಳೇ ಕಾಲದ ಪ್ಲಾಸ್ಟಿಕ್ಕು ಕಣಯ್ಯಾ, ಸೆಲ್ಯುಲಾಯ್ಡು, ಬಾಚಣಿಗೆ ಬೊಂಬೆ ಎಲ್ಲಾ ಮಾಡ್ತಿದ್ರು ಇದ್ರಲ್ಲಿ, ವಯಸ್ಸಾದ ಮೇಲೆ ತಾನಾಗೇ ಕೊಳೆಯುತ್ತೆ, ಕೊಳೀತಾ ಆಸಿಡ್ಡಿನ ಗಾಳಿ ಬಿಡುತ್ತೆ, ಗಾಳಿ ಆಡೋ ಕಡೆ ಇದ್ದಿದ್ರೆ ಅದೊಂದೇ ಹೋಗ್ತಿತ್ತು, ನೀನು ಸೀಲ್ ಮಾಡಿ ಬಿಸಿ ಜಾಗದಲ್ಲಿ ಇಟ್ಟಿದೀಯ, ಕೊಳೆತ ಹಲ್ಲು ಪಕ್ಕದ ಹಲ್ಲನ್ನ ತಿನ್ನುತ್ತಲ್ಲ, ಹಾಗೆ ತಿಂದ್ಹಾಕಿದೆ, ಒಂದು ಸಲನಾದ್ರೂ ತೆಗೆದು ನೋಡ್ಬಾರ್ದಾ? ನೀನು ಅಂದರು. ಟೇಪು ಬಿಚ್ಚುವ ತನಕ ನೀವು, ಈಗ ನೀನು. ತೆಗೆದು ನೋಡಬಾರದು ಅಂತ ಹೇಳಿಕೊಟ್ಟವರು ಯಾರು, ಮುಟ್ಟಿದರೆ ಸತ್ತಿತು ಅಂದವರು ಯಾರು, ಇಷ್ಟುದ್ದ ಗೋಡೆ ತುಂಬ ಹೆಣ ಮಲಗಿಸಿಕೊಂಡು ನನ್ನನ್ನು ಕೇಳುತ್ತೀಯೇನಯ್ಯಾ, ಅಮ್ಮನ ಕೈಗೆ ಒಂದು ಈರುಳ್ಳಿ ಹೆಚ್ಚಲು ಕೊಟ್ಟಿದ್ದರೂ ಇವು ಬದುಕುತ್ತಿದ್ದವು—ಇವನು ಒಂದನ್ನೂ ಬಾಯಿ ಬಿಟ್ಟು ಅನ್ನಲಿಲ್ಲ, ಬೀಟೆಯ ಹಿಡಿಯದನ್ನು ತೆಗೆದು ಅಲಗು ಎಳೆಯಲು ನೋಡಿದ, ಬರಲಿಲ್ಲ, ಉಗುರು ಮುರಿಯಿತು, ಮತ್ತೆ ಎಳೆದ. ಉಜ್ಜಿದ್ರೆ ಹೋಗಲ್ವಾ ಸಾರ್? ಹೋಗುತ್ತೆ, ಚಾಕೂನೂ ಹೋಗುತ್ತೆ, ಗುಂಡಿ ಬಿದ್ದಿದೆ ನೋಡು, ನಂಬರೇ ತಿಂದಿದೆ ಎರಡರಲ್ಲಿ. ಡಾಕ್ಟರು ಆಗಲೇ ಕಿಟಕಿ ತೆರೆಯುತ್ತಿದ್ದರು, ಖಾಲಿ ಇಟ್ಟಿದ್ದ ಡ್ರಾಯರನ್ನು ಮೊಣಕೈಯಿಂದ ಒಳಗೆ ತಳ್ಳಿದರು, ಅದನ್ನ ಹೊರಗೆ ತಗೊಂಡ್ಹೋಗಮ್ಮಾ ಮೊದ್ಲು, ನನ್ನವುಗಳ ಹತ್ರ ಬೇಡ, ಆ ಹಳದೀದನ್ನ, ಕೈಯಲ್ಲಿ ಮುಟ್ಬೇಡ. ಹುಡುಗಿ ಇಕ್ಕಳ ತಂದಳು. ಹಲ್ಲು ಕೀಳುವ ಇಕ್ಕಳ. ಅಪ್ಪನ ಚಾಕುವನ್ನು ಅದರಲ್ಲಿ ಹಿಡಿದು ಎತ್ತಿದಳು, ಹಿಡಿಯಿಂದ ಒಂದು ಚೂರು ಉದುರಿತು, ಹುರುಳಿ ಬೀಜದ ಆಕಾರದ ಬಿಳಿ ಟ್ರೇಯಲ್ಲಿ ಇಟ್ಟಳು, ಟಣ್ ಅಂತು. ಬಿಳಿಯ ಮೇಲೆ ಹಳದಿ. ಬೇರು ಸಮೇತ ಕಿತ್ತ ಹಲ್ಲು. ಬಿಸಾಕ್ಬಿಡ್ಲಾ ಸಾರ್? ಡಾಕ್ಟರು ಇವನ ಕಡೆ ತಿರುಗಿದರು, ಮನೇಲಿಟ್ಕೋಬೇಡಪ್ಪಾ ಅದನ್ನ, ಬೆಂಕಿ ಹತ್ಕೊಳ್ಳುತ್ತೆ ಒಂದೊಂದ್ಸಲ, ನಮ್ಮಲ್ಲಿ ಆಸ್ಪತ್ರೆ ಕಸದ ಚೀಲ ಇದೆ, ಮಧ್ಯಾಹ್ನ ಗಾಡಿ ಬರುತ್ತೆ, ಅದಕ್ಕೇ ಹಾಕಿಸ್ಬಿಡ್ಲಾ?

ಹೂಂ.

ಹೂಂ ಅಂದ. ಬೀದಿಗೆ ಬಂದು, ಎರಡು ಕಂಬ ದಾಟಿ, ಔಷಧಿ ಅಂಗಡಿ ದಾಟಿ, ಆಮೇಲೆ ಇವನಿಗೆ ತಾನು ಅಂದದ್ದು ಕೇಳಿಸಿತು, ಬೇರೆ ಯಾರೋ ಹಿಂದಿನಿಂದ ಹೇಳಿದ ಹಾಗೆ, ಹೂಂ, ಡಬ್ಬಿ ಕಂಕುಳಲ್ಲಿದೆ, ಒಳಗೆ ಐದು ಕಲ್ಲುಗಳು ಗಡಗಡ ಉರುಳುತ್ತಿವೆ, ಈಗ ಗೀಚಿದರೇನು ಬಿಟ್ಟರೇನು, ಬಿಸಿಲು ಮುಖಕ್ಕೆ ಹೊಡೆಯುತ್ತಿದೆ, ಎದುರು ಬಂದವನಿಗೆ ಡಿಕ್ಕಿ, ಕಣ್ ಕಾಣಲ್ವೇನೋ ಅಂದ ಅವನು, ಕಾಣಲ್ಲ, ಏನೀಗ, ಕಾಣಲ್ಲ ಅಂತ ಇವನು ಮೈಮೇಲೆ ಹೋದ, ಅವನು ಇವನ ಕಣ್ಣು ನೋಡಿ ಜಾಗ ಬಿಟ್ಟ. ಬೀಗದ ತಾತ ದೂರದಿಂದಲೇ ಇವನ ಆಕಾರ ಗುರುತು ಹಿಡಿದ, ಬರ್ಬೇಕು ಬರ್ಬೇಕು ಓನರ್ರು! ಗೂಡಿನ ಬಾಗಿಲಿಗೆ ಹೊಸ ಬಣ್ಣ ಬಳಿದಿದ್ದಾನೆ, ನೀಲಿ, ಮಂಜುಗಣ್ಣಿಗೆ ಅಂಚು ಕಾಣದೆ ಗೋಡೆಗೂ ಅರ್ಧ ಬಳಿದುಬಿಟ್ಟಿದ್ದಾನೆ, ನಿಂಗೋಸ್ಕರ ಬಳಿದೆ ಕಣೋ, ಮುಟ್ಬೇಡ, ಹಸಿ ಇದೆ. ಮುಟ್ಟುವುದಿಲ್ಲ. ಇವನು ಯಾವುದನ್ನು ಮುಟ್ಟಿದ್ದಾನೆ. ಯಾಕೋ ಹಲ್ಲು ಕೀಳಿಸ್ಕೊಂಡು ಬಂದವ್ನ ಹಾಗೆ ನಿಂತಿದೀಯ, ಆಯ್ತಾ ವ್ಯಾಪಾರ? ಇಲ್ಲ ತಾತ. ನಾಳೆ ಆಗುತ್ತಾ? ತಾತನ ಕೈಯಲ್ಲಿ ಯಾರದೋ ಕೀಲಿ, ಅದರ ಹಲ್ಲನ್ನು ಹೆಬ್ಬೆರಳಿಂದ ಸವರಿ ಸವರಿ ನೋಡುತ್ತಿದ್ದಾನೆ, ಇವನು ತಲೆ ಆಡಿಸಿದ, ತಾತನಿಗೆ ಕಾಣಲಿಲ್ಲ, ಬಾಯಲ್ಲಿ ಹೇಳಬೇಕಾಯಿತು, ಆಗಲ್ಲ ತಾತ, ಇನ್ನು ಆಗಲ್ಲ. ತಾತ ಕೀಲಿ ಕೆಳಗಿಟ್ಟ. ಪಕ್ಕದ ಜ್ಯೂಸಿನವ್ನು ಈ ಗೂಡು ಕೇಳ್ತಾವ್ನೆ, ನಾನು ಕೊಡಲ್ಲ ಅಂದಿದ್ದೆ, ಈಗ ಏನ್ ಹೇಳ್ಲಿ? ಕೊಟ್ಬಿಡಿ. ಮಿಷನ್ನು ಗುಜರಿಗೆ ತೂಕಕ್ಕೆ ಹಾಕ್ತಾನಂತೋ. ಹಾಕ್ಲಿ ಬಿಡಿ ತಾತ, ಹಾಕ್ಲಿ, ನನ್ನ ಯಾಕೆ ಕೇಳ್ತೀರ, ನಾನ್ಯಾರು—ಕೂಗಿಬಿಟ್ಟ, ತಾತನ ಮೇಲೆ, ನೂರಾರು ಹಲ್ಲಿಲ್ಲದ ಕೀಲಿಗಳು ಗಾಳಿಗೆ ಸಣ್ಣಗೆ ಕಿಣಿಕಿಣಿ ಅಂದವು. 

ಜೇಬಿನಲ್ಲಿ ಫೋನು, ಗಡ್ಡ. ಎಲ್ಲಿ ಸತ್ತಿದೀಯೋ, ಮಧ್ಯಾಹ್ನ ಬಿಡುಗಡೆ ಇದೆ, ಹೆಬ್ಬೆರಳು ಕಡಿಮೆ ಬಿದ್ದಿದೆ ಇಲ್ಲಿ. ಗಡ್ಡಣ್ಣಾ, ನನ್ನ ಸೆಟ್ಟು ಹೋಯ್ತು. ಏನ್ ಹೋಯ್ತು? ಹೇಳಿದ, ನಡೆಯುತ್ತಲೇ ಹೇಳಿದ, ಡಬ್ಬಿ, ಪೈಪು, ಆಸಿಡ್ಡು, ಡಾಕ್ಟರು, ಆಚೆ ಕಡೆ ಗಡ್ಡ ನಕ್ಕ, ನಗುವುದು ನಿಲ್ಲಿಸಿ, ನಂಗೆ ಹೇಳ್ದೆ ಮಾರಕ್ಕೆ ಹೋಗಿದ್ಯಲ್ಲ ಕಳ್ಳ, ಅನುಭವಿಸು, ಸರಿ, ಅಳ್ಬೇಡ, ತಗೊಂಬಾ, ನಂಬರು ಕಾಣೋ ಮೂರನ್ನ ಉಜ್ಜಿಸಿ ಬಳಸಿದ್ದು ಅಂತ ಬಿಡೋಣ, ಬೇರೆ ಬೇರೆ ಊರಿಗೆ, ಯಾವ್ನೋ ಹುಚ್ಚ ತಗೋತಾನೆ. ಅಳ್ತಿಲ್ಲ ನಾನು. ಆಯ್ತು ಅಳ್ತಿಲ್ಲ. ಆ ನಿಮ್ಮಪ್ಪಂದೇನಾಯ್ತು, ಹಳದೀದು? ಅಲ್ಲೇ ಬಿಟ್ಟೆ, ಕಸಕ್ಕೆ ಹಾಕಿ ಅಂದೆ. ಫೋನಿನ ಆಚೆ ಹುಡುಗರ ಗಲಾಟೆ ಕೇಳುತ್ತಿತ್ತು, ಗಡ್ಡನ ಉಸಿರು ಕೇಳುತ್ತಿತ್ತು, ಎಲ್ಲವನ್ನೂ ಮೂರು ಪಟ್ಟಿಗೆ ಮಾರುವ ಗಡ್ಡ, ಹೆಂಡತಿಯ ಬಳೆಯನ್ನು ಮಾರಿ ಫೋನು ತಂದ ಗಡ್ಡ, ಮೆಲ್ಲಗೆ ಅಂದ, ಅದೊಂದು ಬಿಡಬಾರ್ದಿತ್ತು ಕಣೋ, ನಾನಾಗಿದ್ರೂ ಬಿಡ್ತಿರ್ಲಿಲ್ಲ.

ಓಡಿದ. ಔಷಧಿ ಅಂಗಡಿ, ಕಂಬ, ಕಂಬ, ಡಬ್ಬಿ ಪಕ್ಕೆಗೆ ಬಡಿಯುತ್ತಿದೆ, ಕೊಳೆಯಲಿ, ಅದು ಕೊಳೆತರೂ ಪರವಾಗಿಲ್ಲ, ಗಾಳಿ ಆಡುವ ಕಿಟಕಿಯ ಹೊರಗೆ ದಾರ ಕಟ್ಟಿ ತೂಗುಹಾಕುತ್ತಾನೆ, ಬೆಂಕಿ ಹತ್ತಿದರೆ ಹತ್ತಲಿ, ನೋಡುತ್ತಾ ನಿಲ್ಲುತ್ತಾನೆ, ಕೊನೆಯ ಚೂರು ಉದುರುವ ತನಕ ದಿನಾ ನೋಡುತ್ತಾನೆ, ಮುಟ್ಟುತ್ತಾನೆ, ಅಪ್ಪಾ, ಅದಕ್ಕೆ ಗಿರಾಕಿ ಯಾರೂ ಬಂದಿರಲಿಲ್ಲ, ಒಂದು ಬಿಡಿಗಾಸೂ ತಗೊಳ್ಳಲಿಲ್ಲ, ಸುಮ್ಮನೆ ಕೊಟ್ಟುಬಿಟ್ಟೆ ನಾನು, ನೀನು ಎಲ್ಲವನ್ನೂ ಮಾರಿದರೂ ಇದನ್ನು ಮಾರಲಿಲ್ಲ, ನಾನು ಮಾರಲೂ ಇಲ್ಲ, ಹೂಂ ಅಂದೆ. ಕ್ಲಿನಿಕ್ಕಿನ ಗಾಜಿನ ಬಾಗಿಲಿಗೆ ಒಳಗಿಂದ ಬೀಗ. ಊಟದ ಹೊತ್ತು, ಬೋರ್ಡು ತಿರುಗಿಸಿ ಹಾಕಿದ್ದಾರೆ, ಗಾಜಿಗೆ ಹಣೆ ಒತ್ತಿ, ಎರಡು ಕೈ ಕಣ್ಣಿನ ಪಕ್ಕಕ್ಕೆ ಮರೆ ಮಾಡಿ ನೋಡಿದ, ಬೆಂಚು ಖಾಲಿ, ಲೈಟು ಆರಿಸಿದೆ, ಒಳಗಿನ ಮೇಜಿನ ಮೇಲೆ—ಇದೆ, ಇನ್ನೂ ಇದೆ—ಬಿಳಿ ಟ್ರೇ, ಟ್ರೇಯಲ್ಲಿ ಹಳದಿ. ಕೈ ಚಾಚಿದರೆ ಸಿಗುವಷ್ಟು ಹತ್ತಿರ, ಗಾಜೊಂದು ಇಲ್ಲದಿದ್ದರೆ. ಕಸ ಗುಡಿಸುವ ಹೆಂಗಸು ಒಳಗಿದ್ದಾಳೆ, ಇವನಮ್ಮನ ವಯಸ್ಸಿನವಳು, ತಲೆಗೆ ಬಟ್ಟೆ ಕಟ್ಟಿದ್ದಾಳೆ, ಬೆನ್ನು ಇವನ ಕಡೆ, ಬಡಿದ, ಅವಳು ತಿರುಗಿ ನೋಡಿ ಐದು ಬೆರಳು ತೋರಿಸಿದಳು, ಐದು ಗಂಟೆಗೆ ಬಾ, ಕೆನ್ನೆ ಮುಟ್ಟಿಕೊಂಡು ಪಾಪ ಅನ್ನುವ ಹಾಗೆ ಮುಖ ಮಾಡಿದಳು, ತಡ್ಕೋಪ್ಪಾ. ಅಲ್ಲ, ಹಲ್ಲಲ್ಲ, ಅಕ್ಕಾ, ಇವನು ಬೆರಳು ತೋರಿಸಿದ, ಅದು, ಆ ಟ್ರೇ, ಅವಳು ಕೈ ಕಿವಿಗೆ ಹಿಡಿದು ಏನು ಅಂದಳು, ಇವನು ಜೋರಾಗಿ ಅಂದ, ಚಾಕು! ಅಕ್ಕಾ, ಚಾಕು! ನನ್ನ ಚಾಕು ಕೊಡಿ! ಅವಳ ಮುಖ ಬದಲಾಯಿತು. ಒಂದು ಹೆಜ್ಜೆ ಹಿಂದೆ ಹೋದಳು. ಬೆವೆತ, ಕಣ್ಣು ಕೆಂಪಗಾದ, ಗಾಜಿಗೆ ಎರಡೂ ಮುಷ್ಟಿ ಒತ್ತಿಕೊಂಡು ಚಾಕು ಚಾಕು ಅಂತ ಕಿರುಚುವ ಹುಡುಗ—ಅವಳಿಗೆ ಏನು ಕಾಣುತ್ತಿದೆ ಅಂತ ಇವನಿಗೆ ಗೊತ್ತಾಯಿತು, ಗೊತ್ತಾದರೂ ಬೇರೆ ಮಾತು ಸಿಗಲಿಲ್ಲ, ಅದಕ್ಕೆ ಇರುವುದೇ ಆ ಒಂದು ಹೆಸರು, ನಮ್ಮಪ್ಪಂದು ಅಕ್ಕಾ, ನಮ್ಮಪ್ಪನ ಚಾಕು, ಗಾಜು ಅದುರಿತು, ಒಳಗಿನ ಚಿಲಕವೂ ಸರಕ್ಕನೆ ಬಿತ್ತು, ಅವಳು ಫೋನು ಕಿವಿಗೆ ಒತ್ತಿಕೊಂಡು, ಪೊರಕೆ ಅಡ್ಡ ಹಿಡಿದು ಗೋಡೆಗೆ ಒರಗಿದಳು, ಬೆನ್ನ ಹಿಂದೆ ಬೀದಿಯಲ್ಲಿ ಯಾರೋ ನಿಂತರು, ಇನ್ಯಾರೋ ನಿಂತರು, ಹಿಡೀರೋ ಅವ್ನನ್ನ ಅಂದರು, ಕಂಕುಳಿನಿಂದ ಡಬ್ಬಿ ಜಾರಿತು, ಮುಚ್ಚಳ ಬಿಚ್ಚಿತು, ಚಾಕುಗಳು ಕಾಲ ಬಳಿ ಚೆಲ್ಲಿದವು, ಜನ ಹಿಂದೆ ಸರಿದರು, ಕಸದ ಗಾಡಿ ಗಲ್ಲಿಯ ತಿರುವಿನಲ್ಲಿ ಹಾರ್ನು ಹಾಕಿತು, ಇವನು ತಿರುಗಲಿಲ್ಲ, ತಿರುಗಿದರೆ ಅದು ಹೋಗಿಬಿಡುತ್ತದೆ, ಗಾಜಿನ ಆಚೆ, ಮಬ್ಬಿನಲ್ಲಿ, ಹಳದಿ ಹಿಡಿಯ ಸೀಳಿನಿಂದ ಒಂದು ಹನಿ ಹೊರಗೆ ಬಂದು, ಅಂಚಿಗೆ ನಿಂತು—ಬಿಳಿ ಟ್ರೇ—ಬೀಳದೆ—ಬಿಳಿ ಟ್ರೇ, ಹಳದಿ—